ನಡುಮಧ್ಯದ ಸಂಡಿಗೆ

ನನ್ನ ಜ್ಞಾಪಕವನ್ನು ನಾನು ನಂಬುವುದಿಲ್ಲ. ಇದನ್ನು ವಿನಯ ಎಂದು ಯಾರೂ ತಿಳಿಯಬಾರದು. ನಿಮ್ಮ ಜ್ಞಾಪಕವನ್ನೂ ನಾನು ನಂಬುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಓದುತ್ತಿದ್ದಾಗ ನಮ್ಮ ಮೇಷ್ಟರೊಬ್ಬರು ಒಂದು ಕಿತಾಪತಿ ಮಾಡಿದ್ದರು. ಪಾಠದ ಮಧ್ಯೆ ಯಾರೋ ಒಬ್ಬ ಒಳಗೆ ಬಂದ, ಮೇಷ್ಟರ ಕಿವಿಯಲ್ಲಿ ಏನೋ ಹೇಳಿದ, ಮೇಜಿನ ಮೇಲಿದ್ದ ಒಂದು ವಸ್ತು ಎತ್ತಿಕೊಂಡು ಹೊರಟುಹೋದ. ಕಾಲು ಗಂಟೆ ಬಿಟ್ಟು ಮೇಷ್ಟರು, ಬಂದವನು ಹೇಗಿದ್ದ, ಏನು ತೆಗೆದುಕೊಂಡು ಹೋದ ಬರೆಯಿರಿ ಅಂದರು. ನಾನು ಯೋಚನೆಯನ್ನೇ ಮಾಡದೆ ದಪ್ಪ ಮೀಸೆ, ನೀಲಿ ಅಂಗಿ, ಡಸ್ಟರು ಎಂದು ಬರೆದೆ. ಆಮೇಲೆ ಆ ಮನುಷ್ಯನನ್ನು ಮತ್ತೆ ಕರೆಸಿ ನಮ್ಮೆದುರು ನಿಲ್ಲಿಸಿದರು. ಅವನಿಗೆ ಮೀಸೆಯೇ ಇರಲಿಲ್ಲ. ಅಂಗಿ ಚೌಕಳಿಯದು. ಕೈಯಲ್ಲಿದ್ದದ್ದು ಕೊಡೆ. ಆವತ್ತಿನಿಂದ ನಾನು ಗೇಟಿಗೆ ಬೀಗ ಹಾಕಿ ಬಸ್‌ಸ್ಟಾಪಿಗೆ ಹೋದವನು ಮತ್ತೆ ವಾಪಸ್ಸು ಬಂದು ಬೀಗ ಜಗ್ಗಿ ನೋಡುವ ಜಾತಿಗೆ ಸೇರಿದೆ. ದೊಡ್ಡಬಳ್ಳಾಪುರದ ಕಾಲೇಜೊಂದರಲ್ಲಿ ಇಷ್ಟು ವರ್ಷ ಮಕ್ಕಳಿಗೆ ಕಲಿಸಿಕೊಂಡು ಬಂದಿರುವುದೂ ಇದನ್ನೇ: ಜ್ಞಾಪಕ ಅನ್ನುವುದು ಫೋಟೋ ಅಲ್ಲ, ಪ್ರತಿ ಸಲ ಹೊಸದಾಗಿ ಕಲಸುವ ಹಿಟ್ಟು.

ಇಂಥ ನಾನು ಒಂದೇ ಒಂದು ವಿಷಯದಲ್ಲಿ ಮಾತ್ರ ಇಪ್ಪತ್ತೆರಡು ವರ್ಷ ಯಾವ ಅನುಮಾನವನ್ನೂ ಇಟ್ಟುಕೊಂಡಿರಲಿಲ್ಲ. ಅದು ನಮ್ಮವ್ವ ಮಾಡುತ್ತಿದ್ದ ಅಕ್ಕಿ ಸಂಡಿಗೆಯ ರುಚಿ. ಎಣ್ಣೆಗೆ ಬಿಟ್ಟರೆ ಅರಳುತ್ತಿದ್ದದ್ದು, ಅಂಚಿನಲ್ಲಿ ಒಂದು ನಸುಗೆಂಪು, ಬಾಯಲ್ಲಿ ಕರಗುವಾಗ ಒಂದು ಸಣ್ಣ ಹುಳಿ, ಹುಳಿ ಹೋದಮೇಲೆ ನಾಲಿಗೆ ತುದಿಯಲ್ಲಿ ಒಂದು ಸಣ್ಣ ಚುರುಕು. ನನ್ನ ಹೆಂಡತಿ ಗಿರಿಜಾ ಹೊಸಕೋಟೆ ಕಡೆಯವಳು. ಅವರ ಮನೆಯಲ್ಲಿ ಸಂಡಿಗೆಗೆ ತೆಲುಗಿನಲ್ಲಿ ವಡಿಯಾಲು ಅನ್ನುತ್ತಾರೆ, ಏನಂದರೂ ಅವಳ ಕೈ ಒಳ್ಳೆಯದು. ಮಲ್ಲಿಗೆ ಮೊಗ್ಗಿನ ಹಾಗೆ ಬೆಳ್ಳಗೆ, ಹಗುರವಾಗಿ ಮಾಡುತ್ತಾಳೆ. ಮದುವೆಯಾದ ಮೊದಲ ಬೇಸಿಗೆಯಲ್ಲಿ ಅವಳು ಕರಿದು ತಟ್ಟೆಗೆ ಹಾಕಿದಾಗ ನಾನು ಒಂದು ತಿಂದು, "ಚೆನ್ನಾಗಿದೆ. ಅವ್ವ ಮಾಡ್ತಿದ್ದಂಗಿಲ್ಲ" ಅಂದೆ. ಅದನ್ನು ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಬಿಡಲಿಲ್ಲ. ಎರಡನೆಯ ಬೇಸಿಗೆಗೆ ಅದೇ ಮಾತು ಉಪ್ಪಿನಕಾಯಿಗೆ ಹಬ್ಬಿತು, ಮೂರನೆಯದಕ್ಕೆ ಬಾಳಕದ ಮೆಣಸಿನಕಾಯಿಗೆ. ಆಮೇಲೆ ಅದು ಕೆಮ್ಮಿನ ಹಾಗೆ, ಅಂದದ್ದು ನನಗೇ ಗೊತ್ತಾಗುತ್ತಿರಲಿಲ್ಲ. ನಮ್ಮವ್ವ ನಮ್ಮ ಮದುವೆಗೆ ಎರಡು ವರ್ಷ ಮೊದಲೇ ತೀರಿಕೊಂಡಿದ್ದಳು. ಗಿರಿಜಾ ಅವಳನ್ನು ನೋಡಿದವಳೇ ಅಲ್ಲ. ಎದುರಿಗಿದ್ದ ಅತ್ತೆಯಾದರೆ ಒಂದು ದಿನ ಜಗಳವಾಡಿ ಮುಗಿಸಬಹುದಿತ್ತು; ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಕೂತಿರುವ ಅತ್ತೆಯ ಜೊತೆ ಪೈಪೋಟಿ ಮಾಡುವುದು ಹೇಗೆ?

ಬೇಸಿಗೆಯ ವಿಷಯ ಬಂತು, ಹೇಳಿಬಿಡುತ್ತೇನೆ. ತೂಬಗೆರೆಯ ಅಂಚಿನಲ್ಲಿರುವ ನಮ್ಮ ಮನೆಗೆ ಬೇಸಿಗೆ ರಜೆ ಅಂದರೆ ಸುಗ್ಗಿ. ವಿಮಾನಗಳು ತಲೆಯ ಮೇಲೆ ದೇವನಹಳ್ಳಿಗೆ ಇಳಿಯುತ್ತಿರುತ್ತವೆ, ಕೆಳಗೆ ನಾವು ನೀರಿನ ಮಡಕೆಯ ಬುಡಕ್ಕೆ ಮರಳು ಹಾಕಿ ಅದಕ್ಕೆ ಒಂದು ಹಿಡಿ ರಾಗಿ ಎರಚುತ್ತಿರುತ್ತೇವೆ. ಮಡಕೆಯಿಂದ ಜಿನುಗುವ ನೀರು ಯಾಕೆ ದಂಡವಾಗಬೇಕು ಅಂತ. ವಾರದೊಳಗೆ ಮಡಕೆ ಹಸಿರು ಲಂಗ ತೊಟ್ಟುಕೊಂಡು ಕೂರುತ್ತದೆ. ಮಧ್ಯಾಹ್ನ ಅದರ ನೀರಿಗೆ ಕೈಹಾಕುವುದೇ ಒಂದು ಸುಖ. ಬೆಳಗ್ಗೆ ರಾಗಿ ಅಂಬಲಿಗೆ ಮಜ್ಜಿಗೆ, ಹಸಿ ಈರುಳ್ಳಿ. ಅಕ್ಕಿ ತೊಳೆದ ನೀರು ಕರಿಬೇವಿಗೆ. ಹಿಂಡಿದ ನಿಂಬೆಯ ಸಿಪ್ಪೆ ಉಪ್ಪಿನ ಜಾಡಿಗೆ. ಹಲಸಿನ ತೊಳೆ ನಮಗೆ, ಸಿಪ್ಪೆ ಪಕ್ಕದ ಮನೆಯ ಹಸುವಿಗೆ, ಬೀಜಕ್ಕೆ ಕೆಮ್ಮಣ್ಣು ಸವರಿ ಕುಡಿಕೆಗೆ. ಮಳೆಗಾಲದ ಸಾರಿಗೆ ಆಗುತ್ತದಲ್ಲ. ಗಿರಿಜಾ ಈ ಕೆಲಸಗಳನ್ನು ಮಾಡುವುದು ನೋಡಿದರೆ ಮಿತವ್ಯಯ ಅನ್ನುವ ಬಿಗಿ ಮುಖದ ಮಾತು ನೆನಪಿಗೇ ಬರುವುದಿಲ್ಲ. ಅವಳಿಗೆ ಅದೊಂದು ಆಟ; ಯಾವುದನ್ನೂ ಎಸೆಯದೆ ಗೆಲ್ಲಬೇಕು. ನನ್ನ ಪಾಲಿನ ಕೆಲಸ ಮಹಡಿಯ ಮೇಲೆ ಕಾಗೆ ಕಾಯುವುದು. ಒಣಹಾಕಿದ ಸಂಡಿಗೆಯ ನಡುವೆ ಕಪ್ಪು ಕೊಡೆ ಬಿಚ್ಚಿಟ್ಟು, ಪಕ್ಕದಲ್ಲಿ ಪುಸ್ತಕ ಹಿಡಿದು ನಾನು. ಕಾಗೆಗಳಿಗೆ ಕೊಡೆಯ ಭಯವಿದೆ, ನನ್ನದಿಲ್ಲ. ಅರ್ಧ ಒಣಗಿದ ಸಂಡಿಗೆಯನ್ನು ಅಂಚಿನಿಂದ ಮೆಲ್ಲಗೆ ಎಬ್ಬಿಸಿ ಬಾಯಿಗೆ ಹಾಕಿಕೊಂಡರೆ ಹೊರಗೆ ಗರಿ, ಒಳಗೆ ಮೆತ್ತಗೆ. ಹೀಗೆ ಕಾಗೆಗಳ ಲೆಕ್ಕಕ್ಕೆ ನಾನು ತಿಂದದ್ದು ಎಷ್ಟೋ.

ಈ ವರ್ಷ ಹಾಗೆ ಕದ್ದು ಒಂದು ತಿಂದು, ಅಭ್ಯಾಸಬಲದಿಂದ ಆ ಮಾತನ್ನು ಅಂದುಬಿಟ್ಟೆ. ಗಿರಿಜಾ ನನ್ನ ಹಿಂದೆಯೇ ಹಿಟ್ಟಿನ ಪಾತ್ರೆ ಹಿಡಿದು ನಿಂತಿದ್ದಳು. ಕೋಪ ಮಾಡಿಕೊಳ್ಳಲಿಲ್ಲ. ಪಾತ್ರೆ ಕೆಳಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ಬಹಳ ಶಾಂತವಾಗಿ ಕೇಳಿದಳು.

"ಸರಿ. ಅತ್ತೆ ಹೆಂಗೆ ಮಾಡ್ತಿದ್ರು ಹೇಳಿ. ಹಂಗೇ ಮಾಡ್ತೀನಿ."

ನನಗೆ ರುಚಿ ಗೊತ್ತಿತ್ತು, ಮಾಡುವ ರೀತಿ ಗೊತ್ತಿರಲಿಲ್ಲ. ಹಾಗಂತ ಒಪ್ಪಿಕೊಳ್ಳುವುದು ಬಿಟ್ಟು, ಬಹುಶಃ ಹಿಟ್ಟಿಗೆ ನಿಂಬೆಹುಳಿ ಹಿಂಡುತ್ತಿದ್ದಳು ಅಂದೆ. ಆಗ ಅವಳು ಒಂದು ಕರಾರು ಹಾಕಿದಳು. ಮುಂದಿನ ತಿಂಗಳು ನನ್ನ ಅಕ್ಕ ಬರುತ್ತಾಳಲ್ಲ, ಅವಳ ಮುಂದೆ ತೀರ್ಮಾನವಾಗಲಿ. ನಾನು ಹೇಳಿದ ಹಾಗೆ ಮಾಡಿ, ಅದು ಅತ್ತೆಯ ಸಂಡಿಗೆಯೇ ಹೌದು ಅಂತ ಅಕ್ಕ ಹೇಳಿದರೆ ಗಿರಿಜಾ ಬದುಕಿರುವವರೆಗೂ ಹಾಗೆಯೇ ಮಾಡುತ್ತಾಳೆ. ಅಲ್ಲ ಅಂದರೆ ಆ ಮಾತು, ಅವ್ವ ಮಾಡ್ತಿದ್ದಂಗಿಲ್ಲ ಅನ್ನುವುದು, ಈ ಮನೆಯಲ್ಲಿ ಯಾವ ತಿಂಡಿಯ ಮೇಲೂ ಇನ್ನು ಕೇಳಿಸಕೂಡದು. ನಾನು ಅಳುಕುತ್ತಲೇ ಒಪ್ಪಿದೆ. ಗಂಡಸರಿಗೆ ಮನೆಯಲ್ಲಿ ಉಳಿದಿರುವ ಹಕ್ಕುಗಳೇ ಕಡಿಮೆ.

ನಮ್ಮಕ್ಕ ಗೌರಕ್ಕನನ್ನು ಕುಂದಾಣದ ಹತ್ತಿರದ ಹಳ್ಳಿಗೆ ಕೊಟ್ಟಿದೆ. ನನಗಿಂತ ಎಂಟು ವರ್ಷ ದೊಡ್ಡವಳು. ಇಷ್ಟು ವರ್ಷ ಇದನ್ನು ಅವಳಲ್ಲಿ ಯಾಕೆ ಕೇಳಲಿಲ್ಲ ಎಂದು ನೀವು ಕೇಳಬಹುದು. ಅವಳು ಹಸು ಸಾಕಿದವಳು. ಬೆಳಗಿನ ಹಾಲು ಕರೆದು, ಡೈರಿಗೆ ಹಾಕಿ ಬಸ್ಸು ಹತ್ತಿದರೆ ಸಂಜೆಯ ಹಾಲಿಗೆ ವಾಪಸ್ಸು ಮನೆಯಲ್ಲಿರಬೇಕು. ನಮ್ಮ ಮನೆಯ ಮದುವೆ, ನಾಮಕರಣ ಎಲ್ಲಕ್ಕೂ ಅವಳು ಎರಡು ಹಾಲಿನ ನಡುವೆ ಬಂದು ಹೋದವಳೇ. ಈ ವರ್ಷ ಹಸು ಗಬ್ಬವಾಗಿ ಹಾಲು ಕೊಡುವುದು ನಿಲ್ಲಿಸಿತ್ತು, ಮೂರು ದಿನ ಇರುತ್ತೇನೆ ಅಂದಿದ್ದಳು. ಫೋನು ಮಾಡಿ ಕೇಳಬಹುದಿತ್ತು, ನಿಜ. ಆದರೆ ಸಾಕ್ಷಿಯನ್ನು ಮೊದಲೇ ಮಾತನಾಡಿಸಿದರೆ ಅವರ ಜ್ಞಾಪಕ ಕೆಡುತ್ತದೆ ಎಂದು ನಾನು ಗಿರಿಜಾಗೆ ವಿವರಿಸಿದೆ. ಹೆದರಿಕೆಗೂ ಒಂದು ಶಾಸ್ತ್ರೀಯ ಹೆಸರು ಇರುತ್ತದೆ.

ಹೀಗೆ ನಮ್ಮ ಮನೆಯ ಮಹಡಿ ಪ್ರಯೋಗಶಾಲೆಯಾಯಿತು. ಗಿರಿಜಾ ಸಾಮಾನ್ಯವಾಗಿ ಪ್ಲಾಸ್ಟಿಕ್ ಹಾಳೆಯ ಮೇಲೆ ಸಂಡಿಗೆ ಇಡುತ್ತಾಳೆ. ಅವ್ವ ಬಟ್ಟೆಯ ಮೇಲೆ ಇಡುತ್ತಿದ್ದದ್ದು ನನಗೆ ಗಟ್ಟಿಯಾಗಿ ಗೊತ್ತು ಅಂದೆ. ಅವಳು ನನ್ನ ಹಳೆಯ ಪಂಚೆಯೊಂದನ್ನು ಸೋಪು ಹಾಕಿ ಒಗೆದು, ಆಸ್ಪತ್ರೆಯ ಹಾಸಿಗೆಯ ಹಾಗೆ ಬೆಳ್ಳಗೆ ಮಾಡಿ ಹಾಸಿದಳು. ಮೊದಲ ಸಲ ನಿಂಬೆಹುಳಿ. ಹುಳಿ ಬಂತು, ಕೆಂಪು ಬರಲಿಲ್ಲ. ಎರಡನೆಯ ಸಲ ಹುಳಿ ಮಜ್ಜಿಗೆ. ಕೆಂಪಿನ ಬದಲು ಹಳದಿ ಬಂತು. ಮೂರನೆಯ ಸಲ, ಅಕ್ಕಿಯನ್ನೇ ಮೂರು ದಿನ ನೆನೆಸಿ ಹುಳಿ ಬರಿಸುತ್ತಿದ್ದಳೇನೋ ಅಂದೆ. ಮೂರನೆಯ ದಿನ ಪಕ್ಕದ ಮನೆಯ ಕೆಂಚಮ್ಮ ಕಾಂಪೌಂಡಿನ ಆಚೆಯಿಂದ, ಹಿತ್ತಲಲ್ಲಿ ಏನಾದರೂ ಸತ್ತಿದೆಯೇ ನೋಡಿಸಿಕೊಳ್ಳಿ ಅಂತ ಕೂಗಿ ಹೇಳಿದರು. ಸಂಡಿಗೆ ಒಣಗಿದ ಮೇಲೆ ಬಟ್ಟೆ ಮಗುಚಿ ಹಾಕಿ, ಹಿಂಬದಿಗೆ ನೀರು ಚಿಮುಕಿಸಿ ಒಂದೊಂದೇ ಸಂಡಿಗೆ ಬಿಡಿಸುವುದು ನನ್ನ ಕೆಲಸ. ಬೆರಳ ತುದಿ ಸುಕ್ಕಾಗುವವರೆಗೂ ಬಿಡಿಸಿದೆ. ಸುಖವಾಗಿತ್ತು ಎಂದು ಹೇಳಲೇಬೇಕು. ಗಿರಿಜಾ ಎದುರಿಗೆ ಕೂತು ಬಿಡಿಸುತ್ತಾ, ಅತ್ತೆ ಎತ್ತರ ಇದ್ದರಾ, ಜೋರಿದ್ದರಾ, ಹಾಡುತ್ತಿದ್ದರಾ ಎಂದು ಕೇಳುತ್ತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಅವಳು ನಮ್ಮವ್ವನ ಬಗ್ಗೆ ಇಷ್ಟು ಕೇಳಿದ್ದೇ ಇಲ್ಲ, ನಾನು ಸಂಡಿಗೆ ಬಿಟ್ಟು ಬೇರೆ ಏನೂ ಹೇಳಿದ್ದೂ ಇಲ್ಲ. ಹಾಡುತ್ತಿದ್ದಳೋ ಇಲ್ಲವೋ ನನಗೆ ಜ್ಞಾಪಕವೇ ಇರಲಿಲ್ಲ.

ಅಕ್ಕ ಬರುವ ಹಿಂದಿನ ದಿನ ನಾನೇ ಒಂದು ಪರೀಕ್ಷೆ ಇಟ್ಟುಕೊಂಡೆ. ಕಣ್ಣಿಗೆ ಟವೆಲು ಕಟ್ಟಿಕೊಂಡು ಕೂರುವುದು, ಗಿರಿಜಾ ಬೇರೆ ಬೇರೆ ತಟ್ಟೆಯಿಂದ ಒಂದೊಂದು ಕೊಡುವುದು, ನಾನು ಅವ್ವನದಕ್ಕೆ ಹತ್ತಿರವಾದದ್ದನ್ನು ಆರಿಸುವುದು. ಮೊದಲ ನಾಲ್ಕಕ್ಕೆ ತಲೆಯಾಡಿಸಿದೆ. ಐದನೆಯದು ಬಾಯಿಗೆ ಬಿದ್ದ ಕೂಡಲೇ ಮೈ ಜುಂ ಅಂದಿತು. ಹಿತ್ತಲು ಕಂಡಿತು, ಒಲೆ ಕಂಡಿತು, ಅವ್ವನ ಬಳೆಯ ಸದ್ದು ಕೂಡ ಕೇಳಿಸಿತು. ಇದೇ, ಇದೇ, ಇದನ್ನು ಹೇಗೆ ಮಾಡಿದೆ ಅಂದೆ. ಟವೆಲು ಬಿಚ್ಚಿ ನೋಡಿದರೆ ಗಿರಿಜಾ ಸೆರಗು ಬಾಯಿಗೆ ತುರುಕಿಕೊಂಡು ಗೋಡೆಗೆ ಒರಗಿದ್ದಳು. ಅವಳ ಕೈಯಲ್ಲಿ ದೊಡ್ಡಬಳ್ಳಾಪುರದ ಬಸ್‌ಸ್ಟ್ಯಾಂಡಿನ ಅಂಗಡಿಯಿಂದ ತಂದ ಪ್ಲಾಸ್ಟಿಕ್ ಪೊಟ್ಟಣವಿತ್ತು. ಅದರ ಮೇಲೆ ಯಾವುದೋ ಅಜ್ಜಿ ನಗುತ್ತಿದ್ದಳು.

ಮೀಸೆಯಿಲ್ಲದವನಿಗೆ ಮೀಸೆ ಅಂಟಿಸಿದ ದಿನವೂ ನನಗೆ ಇಷ್ಟು ಅವಮಾನವಾಗಿರಲಿಲ್ಲ. ಸೋತೆ, ಅಕ್ಕನನ್ನು ಕೇಳುವುದೇ ಬೇಡ, ಆ ಮಾತು ಇನ್ನು ಆಡುವುದಿಲ್ಲ ಎಂದೆ. ಗಿರಿಜಾ ನಗು ಒರೆಸಿಕೊಂಡಳು. ಆಮೇಲೆ ಅವಳು ಹೇಳಿದ್ದು ನನಗೆ ನಾಟಿತು.

"ನೀವು ಸೋಲೋದು ನನಗೆ ಬೇಡ ಕಣ್ರೀ. ನಾನು ಇಷ್ಟು ವರ್ಷ ಯಾವುದಕ್ಕೆ ಕಮ್ಮಿ ಬಿದ್ದೆ ಅಂತ ಒಂದ್ಸಲ ಗೊತ್ತಾಗ್ಬೇಕು. ಅತ್ತಿಗೆ ಬರಲಿ."

ಅತ್ತಿಗೆ ಬಂದಳು. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ತಾನು ಬೆಳೆದ ಬೂದುಗುಂಬಳ, ಹಲಸಿಗೇ ಹೆಸರಾದ ತೂಬಗೆರೆಗೆ ಹಲಸು ತರುವುದು ಹುಚ್ಚುತನವೆಂದು ಅವಳಿಗೆ ಗೊತ್ತು. ನೀರು ಕುಡಿದು, ಮಡಕೆಯ ರಾಗಿ ಪೈರನ್ನು ಸವರಿ, ಎಲ್ಲಿ ಇವನ ಮಹಡಿ, ಏನೋ ಪಂಚಾಯ್ತಿ ಅಂತೆ ಅಂದಳು. ಮಹಡಿ ಹತ್ತಿದಳು. ಅಲ್ಲಿ ಬೆಳ್ಳನೆಯ ಪಂಚೆಯ ಮೇಲೆ ಗಿರಿಜಾ ತನ್ನ ಮಾಮೂಲಿ ಸಂಡಿಗೆ ಇಟ್ಟಿದ್ದಳು, ಸಾಲು ಸಾಲಾಗಿ, ಒಂದರಷ್ಟೇ ಇನ್ನೊಂದು. ಅಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಾ ನಿಂತಳು.

"ಅವ್ವ ನೋಡಿದ್ರೆ ಹೊಟ್ಟೆಕಿಚ್ಚು ಪಟ್ಕಳಾಳು," ಅಂದಳು.

ನಾನು ತಕ್ಷಣ ಹುಳಿಯ ವಿಷಯ ಎತ್ತಿದೆ. ನಸುಗೆಂಪು, ಸಣ್ಣ ಹುಳಿ, ಕೊನೆಗೆ ಚುರುಕು, ಎಲ್ಲ ವರ್ಣಿಸಿದೆ; ಯಾವುದನ್ನು ಹಾಕುತ್ತಿದ್ದಳು ಎಂದು ಕೇಳಿದೆ. ಅಕ್ಕ ನನ್ನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ಮೋಟುಗೋಡೆಯ ಮೇಲೆ ಕೂತುಬಿಟ್ಟಳು.

"ಏನೂ ಹಾಕ್ತಿರಲಿಲ್ಲ ಕಣ್ಲಾ. ಅವ್ವನ ತಾವ ಇದ್ದಿದ್ದು ಒಂದೇ ದೊಡ್ಡ ಬಟ್ಟೆ, ಅಪ್ಪನ ಮದುವೆ ಪಂಚೆ. ಶಿವರಾತ್ರಿ ಆಯ್ತಿದ್ದಂಗೆ ಅದ್ರಲ್ಲಿ ಹುಣಸೆಹಣ್ಣು ಒಣಗಾಕೋಳು. ಆಮೇಲೆ ಮೆಣಸಿನಕಾಯಿ. ಕೊನೇಗೆ ಸಂಡಿಗೆ. ಸೋಪು ಹಾಕಿದ್ರೆ ಬಟ್ಟೆ ಸವೆದೋಯ್ತದೆ ಅಂತ ಬರೀ ನೀರಲ್ಲಿ ಜಾಲಿಸೋಳು. ನಡುಮಧ್ಯ ಹುಣಸೆ ಕರೆ ಹೋಗ್ತಾನೇ ಇರಲಿಲ್ಲ. ಅಲ್ಲಿ ಇಟ್ಟಿದ್ದೆಲ್ಲಾ ಕೆಂಪಗಾಗೋವು. ಅವನ್ನ ನೆಂಟ್ರು ಎಲೆಗೆ ಹಾಕಾಕಾಯ್ತದಾ? ಅಂಚಿನ ಬಿಳೀವು ಡಬ್ಬಕ್ಕೆ, ನಡುವಿನವು ಮನೆಯೋರ್ಗೆ. ನಾನು ಮುಟ್ತಿರಲಿಲ್ಲ. ಎಲ್ಲಾ ನಿನ್ ತಟ್ಟೆಗೇ ಬೀಳೋವು, ನೀನು ತಿಂದ್ಕೊಂಡು ಸುಮ್ಕಿರೋನು."

ನನ್ನೊಳಗಿನ ಮೇಷ್ಟ್ರು ಎದ್ದು ನಿಂತು, ನಿನಗೆ ಇದು ಖಂಡಿತ ಜ್ಞಾಪಕವಿದೆಯೇ ಎಂದು ಕೇಳಿದರು. ಆರಿಸಿ ಇಡುತ್ತಿದ್ದವಳೇ ನಾನು, ನನಗಲ್ಲದೆ ನಿನಗೆ ಗೊತ್ತಿರುತ್ತದಾ ಎಂದು ಅಕ್ಕ ಗದರಿದಳು. ನನ್ನ ಬಾಲ್ಯದ ಅಮೃತ ಅನ್ನುವುದು ನೆಂಟರಿಗೆ ಬಡಿಸಲಾಗದ ಮಾಲು ಎಂದು ತಿಳಿದಾಗ ಮನುಷ್ಯ ಏನು ಮಾತಾಡಬೇಕು? ಗಿರಿಜಾ ಮಾತ್ರ ನನ್ನ ಕಡೆ ನೋಡಲೇ ಇಲ್ಲ. ಅವಳು ಅಕ್ಕನ ಪಕ್ಕ ಕೂತು, ತಗ್ಗಿದ ದನಿಯಲ್ಲಿ ಒಂದೇ ಪ್ರಶ್ನೆ ಕೇಳಿದಳು.

"ಅತ್ತೆ ನೆಂಟ್ರಿಗೆ ಹಾಕ್ತಿದ್ದಿದ್ದು ಹೆಂಗಿರ್ತಿತ್ತು ಅತ್ತಿಗೆ?"

ಅಕ್ಕ ಹಿಂದಿನ ದಿನ ಕರಿದಿಟ್ಟಿದ್ದ ಬಿಳಿ ಸಂಡಿಗೆಯೊಂದನ್ನು ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ತಿಂದಳು. ಇನ್ನೊಂದು ತಿಂದಳು.

"ಇದೇಯಾ ಕಣವ್ವ. ಇದಕ್ಕಿಂತ ಒಂದು ಕೈ ಕಮ್ಮೀನೇ ಅನ್ನು. ಅವಳಿಗೆ ಉಪ್ಪು ಯಾವತ್ತೂ ಹದ ಸಿಗ್ಲಿಲ್ಲ."

ಗಿರಿಜಾ ನಕ್ಕಳು. ನಾನು ಬಹಳ ವರ್ಷಗಳಿಂದ ನೋಡಿರದ ನಗು ಅದು, ಮದುವೆಯಾದ ಹೊಸದರಲ್ಲಿ ಹೊಸಕೋಟೆಯ ಅವರ ಮನೆಯ ಜಗುಲಿಯಲ್ಲಿ ಅಕ್ಕತಂಗಿಯರ ನಡುವೆ ಕೂತು ನಗುತ್ತಿದ್ದಂಥದು. ಹಾಗೆ ನೋಡಿದೆ ಅಂತ ನನ್ನ ಅನಿಸಿಕೆ, ಗ್ಯಾರಂಟಿ ಕೊಡಲಾರೆ. ಆಮೇಲೆ ಅತ್ತಿಗೆ ನಾದಿನಿ ಇಬ್ಬರೂ ಸೇರಿ, ನನ್ನ ಅಂಗಿಯ ಗುಂಡಿಯಿಂದ ಹಿಡಿದು ನಾನು ಕಾಗೆ ಕಾಯುವ ರೀತಿಯವರೆಗೆ ಏನೇನು ಅಂದರು ಎನ್ನುವುದನ್ನು ಇಲ್ಲಿ ಬರೆಯಬೇಕಾಗಿಲ್ಲ. ಕರಾರಿನಂತೆ ನನ್ನ ಹಕ್ಕು ಹೋಯಿತು. ವಿಚಿತ್ರವೆಂದರೆ ಹೋದದ್ದಕ್ಕೆ ದುಃಖವೇ ಆಗಲಿಲ್ಲ. ಇಪ್ಪತ್ತೆರಡು ವರ್ಷ ಬೇರೆಯವರ ಕೊಡೆ ಹಿಡಿದು ಓಡಾಡಿ ಈಗ ವಾಪಸ್ಸು ಕೊಟ್ಟ ಹಾಗಿತ್ತು.

ಗೆದ್ದವಳು ಅಲ್ಲಿಗೆ ಸುಮ್ಮನಿರಬಹುದಿತ್ತು. ಮಾರನೆಯ ಬೆಳಗ್ಗೆ ಎದ್ದು ನೋಡಿದರೆ ಗಿರಿಜಾ ಅಟ್ಟದಿಂದ ಈ ವರ್ಷ ಹುಣಸೆಹಣ್ಣು ಕಟ್ಟಿಟ್ಟಿದ್ದ ಹಳೆಯ ದುಪ್ಪಟಿಯನ್ನು ಇಳಿಸಿ, ಹಣ್ಣನ್ನು ಜಾಡಿಗೆ ತುಂಬಿ, ಬಟ್ಟೆಯನ್ನು ತೊಟ್ಟಿಯಲ್ಲಿ ಸೋಪಿಲ್ಲದೆ ಜಾಲಿಸುತ್ತಿದ್ದಳು. ಅಕ್ಕ ಪಕ್ಕದಲ್ಲಿ ನಿಂತು, ಜಾಸ್ತಿ ಉಜ್ಜಬೇಡ, ಕರೆ ಹೋದರೆ ಅವನ ಬಾಲ್ಯವೇ ಹೋಗುತ್ತದೆ ಅಂತ ಮೇಲ್ವಿಚಾರಣೆ ಮಾಡುತ್ತಿದ್ದಳು. ಒಂದು ಹಿಡಿ ಒಣಮೆಣಸಿನಕಾಯಿಯನ್ನೂ ಅದರ ಮೇಲೆ ಹೊರಳಾಡಿಸಿದರು. ಇಬ್ಬರೂ ಕೂಡಿ ಸಂಡಿಗೆ ಇಟ್ಟರು, ಬೇಕೆಂದೇ ನಡುವಿನಲ್ಲಿ ಹೆಚ್ಚು. ಎರಡು ದಿನ ಚೆನ್ನಾಗಿ ಬಿಸಿಲು ಕಾಯಿತು. ನಾನು ಕೊಡೆ ಬಿಚ್ಚಿ ಕೂತೆ. ಒಂದನ್ನೂ ಕದ್ದು ತಿನ್ನಲಿಲ್ಲ.

ಮೂರನೆಯ ದಿನ ಮಧ್ಯಾಹ್ನದ ಬಸ್ಸಿಗೆ ಅಕ್ಕ ಹೊರಟಳು, ಹಸು ಯಾವಾಗ ಬೇಕಾದರೂ ಕರು ಹಾಕಬಹುದು ಅಂತ ಅವಳಿಗೆ ಕಾತರ. ಅವಳನ್ನು ಹತ್ತಿಸಿ ಬಂದಾಗ ಗಿರಿಜಾ ಬಾಣಲೆ ಇಟ್ಟಿದ್ದಳು. ನಡುವಿನ ಸಂಡಿಗೆಯೊಂದನ್ನು ಎಣ್ಣೆಗೆ ಬಿಟ್ಟಳು. ಅದು ಅರಳಿತು, ಅಂಚು ಕೆಂಪಾಯಿತು. ತಟ್ಟೆಯಲ್ಲಿಟ್ಟು ನನ್ನ ಮುಂದೆ ತಂದು, ತಾನೂ ಕೂತಳು. ತಿಂದೆ. ಹುಳಿ ಬಂತು, ಹಿಂದೆಯೇ ಚುರುಕು. ಅದೇ ರುಚಿಯೇ, ಅಥವಾ ಅದೇ ಎಂದು ಮೂರು ದಿನದಿಂದ ಇಬ್ಬರು ಹೆಂಗಸರು ತಲೆಗೆ ತುಂಬಿದ್ದರಿಂದ ಅದಾಗಿ ಕಂಡಿತೇ ಎಂದು ನಾನು ಹೇಳಲಾರೆ; ಪೊಟ್ಟಣದ ಅಜ್ಜಿಯ ಮುಂದೆಯೂ ನನಗೆ ಬಳೆಯ ಸದ್ದು ಕೇಳಿಸಿತ್ತಲ್ಲ. ಆದರೆ ಗಿರಿಜಾ ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೆಂಗಿದೆ?"

"ಇದೇ," ಅಂದೆ. ಬೇರೆ ಏನೂ ಅನ್ನಲಿಲ್ಲ, ಇನ್ನೆರಡು ಹಾಕು ಎಂದು ತಟ್ಟೆ ಚಾಚಿದೆ. ಅವಳು ಒಂದು ಮುರಿದು ತಾನೂ ಬಾಯಿಗೆ ಹಾಕಿಕೊಂಡು, ಪರವಾಗಿಲ್ಲ, ಅತ್ತೆಯ ಕೈ ಇಷ್ಟೇನೂ ಕೆಟ್ಟದಾಗಿರಲಿಲ್ಲ ಅಂದಳು. ಇಬ್ಬರೂ ಸೇರಿ ನಡುವಿನವನ್ನೆಲ್ಲ ಅವತ್ತೇ ಅರ್ಧ ಮುಗಿಸಿದೆವು.

ಸಂಜೆ ಅಕ್ಕನ ಫೋನು ಬಂತು. ಸುಖವಾಗಿ ಸೇರಿದಳು, ಹಸು ಇನ್ನೂ ಈದಿಲ್ಲ. ಆಮೇಲೆ ದನಿ ತಗ್ಗಿಸಿದಳು.

"ಲೋ, ಬಸ್ಸಲ್ಲಿ ಕೂತ್ಕೊಂಡು ಯೋಚ್ನೆ ಮಾಡ್ದೆ. ಆ ಕೆಂಪು ಸಂಡಿಗೆ ನಮ್ಮವ್ವಂದೋ, ಇಲ್ಲಾ ಇಲ್ಲಿ ನಮ್ಮತ್ತೇದೋ ಅಂತ. ಹುಣಸೇಮರ ಇದ್ದಿದ್ದು ನಮ್ಮತ್ತೆ ಹಿತ್ತಲಲ್ಲಿ. ಡಬ್ಬಕ್ಕೆ ಆರಿಸಿಟ್ಟಿದ್ದೂ ಇಲ್ಲೇನೋ ಅನ್ನಿಸ್ತದೆ. ನಮ್ಮನೇಲಿ ಹುಣಸೇಮರ ಇತ್ತೇನ್ಲಾ?"

ನಾನು ಅಡುಗೆಮನೆಯ ಕಡೆ ನೋಡಿದೆ. ಗಿರಿಜಾ ಬಿಳಿಯ ಸಂಡಿಗೆಯನ್ನು ಒಂದು ಡಬ್ಬಕ್ಕೂ ಉಳಿದ ಕೆಂಪಿನದನ್ನು ಇನ್ನೊಂದಕ್ಕೂ ತುಂಬುತ್ತಾ, ಏನೋ ಗುನುಗಿಕೊಳ್ಳುತ್ತಿದ್ದಳು. ನಮ್ಮ ಹಿತ್ತಲನ್ನು ಜ್ಞಾಪಿಸಿಕೊಳ್ಳಲು ನೋಡಿದೆ. ಬಾವಿ ಕಂಡಿತು, ಒಂದು ನುಗ್ಗೆಮರ ಕಂಡಿತು. ಅದರಾಚೆ ಮಬ್ಬು. ಹಳೆಯ ನಾನಾಗಿದ್ದರೆ ಮಾರನೆಯ ದಿನವೇ ಊರಿನ ಮುದುಕರನ್ನೆಲ್ಲ ಹಿಡಿದು ವಿಚಾರಣೆ ಮಾಡುತ್ತಿದ್ದೆ.

"ಇತ್ತು ಕಣಕ್ಕಾ," ಅಂದೆ. "ದೊಡ್ಡ ಮರ."

"ಹೌದಾ? ಸದ್ಯ," ಎಂದು ಅಕ್ಕ ಫೋನಿಟ್ಟಳು. ಏನಂತೆ ಅತ್ತಿಗೆದು ಎಂದು ಗಿರಿಜಾ ಒಳಗಿನಿಂದ ಕೇಳಿದಳು. ಏನಿಲ್ಲ, ಅಲ್ಲೂ ಬಿಸಿಲು ಜಾಸ್ತಿಯಂತೆ ಅಂದೆ. ಹೇಳಿ ಮುಗಿಸುವಷ್ಟರಲ್ಲಿ ಬಾವಿಯ ಪಕ್ಕ ಆ ಮರದ ನೆರಳು ಸ್ವಲ್ಪ ಸ್ವಲ್ಪವಾಗಿ ನನ್ನ ಕಣ್ಣಿಗೆ ಬೀಳತೊಡಗಿತ್ತು. ನಾಳೆಯ ಹೊತ್ತಿಗೆ ಅದನ್ನು ಹತ್ತಿ ಮೊಣಕಾಲು ತರಚಿಕೊಂಡದ್ದೂ ನನಗೆ ಜ್ಞಾಪಕ ಬರುವುದರಲ್ಲಿ ಅನುಮಾನವಿಲ್ಲ.